ಮೂವತ್ತು ದಿನಗಳ ಕಾದಂಬರಿ

ಅಮೆರಿಕೆಯಲ್ಲಿ ಒಂದು ಸಂಸ್ಥೆ ಬಾಗಿಲು ಮುಚ್ಚಿದರೆ, ಮಲೆನಾಡಿನ ಒಂದು ತಾಲ್ಲೂಕು ಕೇಂದ್ರದಲ್ಲಿ ಬ್ಯಾಂಕಿನ ಕೆಲಸ ಮಾಡಿಕೊಂಡಿರುವ ನನಗೆ ಅದರಿಂದ ಆಗಬೇಕಾದುದೇನು ಎಂದು ವಾಚಕರು ಕೇಳಬಹುದು. ಕೇಳುವುದು ನ್ಯಾಯವೇ. ಲೋಕದಲ್ಲಿ ದಿನವೂ ಸಂಸ್ಥೆಗಳು ಹುಟ್ಟುತ್ತವೆ, ಸಾಲ ಮಾಡುತ್ತವೆ, ಮುಚ್ಚುತ್ತವೆ. ನಡುವಣ ಭಾಗವಂತೂ ನನಗೆ ನಿತ್ಯದ ಪರಿಚಯ. ಆದರೂ 2025ರ ಮಾರ್ಚ್ ಕೊನೆಯಲ್ಲಿ ‘ನ್ಯಾಷನಲ್ ನಾವೆಲ್ ರೈಟಿಂಗ್ ಮಂತ್’ ಎಂಬ ಸಂಸ್ಥೆ ತನ್ನ ಕಾರ್ಯವನ್ನು ನಿಲ್ಲಿಸುವುದಾಗಿ ಪ್ರಕಟಿಸಿದಾಗ, ದೂರದ ಬಂಧುವೊಬ್ಬರ ಮರಣವಾರ್ತೆಯನ್ನು ಕೇಳಿದಂತೆ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆನೆಂಬುದು ನಿಜ. ಏಕೆಂದರೆ 2022ರ ನವೆಂಬರಿನಲ್ಲಿ ಅದರ ಪಂಥವನ್ನು ಸ್ವೀಕರಿಸಿ, ಅದರದೇ ಲೆಕ್ಕದ ಪ್ರಕಾರ ಸೋತವರಲ್ಲಿ ನಾನೂ ಒಬ್ಬ.

ಪಂಥವೇನೋ ಬಹು ಸರಳವಾದುದು. ನವೆಂಬರ್ ಒಂದರಿಂದ ಮೂವತ್ತರೊಳಗೆ 50,000 ಪದಗಳ ಒಂದು ಕಾದಂಬರಿಯನ್ನು ಬರೆಯಬೇಕು. ಎಂದರೆ ದಿನಕ್ಕೆ 1,667 ಪದ. ಬರೆದುದನ್ನು ಯಾವ ಪಂಡಿತರೂ ಪರಿಶೀಲಿಸುವುದಿಲ್ಲ. ಬಹುಮಾನವೆಂದರೆ ಒಂದು ಪ್ರಶಂಸಾಪತ್ರ. 1999ರ ಜುಲೈ ತಿಂಗಳಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಪ್ರಾಂತದ ಕ್ರಿಸ್ ಬೇಟಿ ಎಂಬ ತರುಣನೂ ಅವನ ಗೆಳೆಯರೂ ಸೇರಿ 21 ಮಂದಿ ಇದನ್ನು ಪ್ರಾರಂಭಿಸಿದರು. ಮರುವರ್ಷ ಅದನ್ನು ನವೆಂಬರಿಗೆ ಸರಿಸಿದರು. ಆ ತಿಂಗಳಲ್ಲಿ ಅಲ್ಲಿಯ ಹವೆ ಕೆಟ್ಟದಾಗಿರುವುದರಿಂದ ಜನ ಮನೆಯಲ್ಲೇ ಕುಳಿತಿರುತ್ತಾರೆಂಬುದೇ ಅದಕ್ಕೆ ಕಾರಣ. 2000ದಲ್ಲಿ 140 ಮಂದಿ. 2001ರಲ್ಲಿ ಸುಮಾರು 5,000. 2022ರ ಹೊತ್ತಿಗೆ ನಾಲ್ಕು ಲಕ್ಷಕ್ಕೂ ಮೇಲ್ಪಟ್ಟು. ಇದು ಸಾಹಿತ್ಯದ ಇತಿಹಾಸದಲ್ಲಿ ವಿಚಿತ್ರವಾದ ಬೆಳವಣಿಗೆಯೆಂದೇ ಹೇಳಬೇಕು. ಸಾರಾ ಗ್ರೂಯೆನ್ ಅವರ ‘ವಾಟರ್ ಫಾರ್ ಎಲಿಫೆಂಟ್ಸ್’, ಎರಿನ್ ಮಾರ್ಗೆನ್‌ಸ್ಟರ್ನ್ ಅವರ ‘ದಿ ನೈಟ್ ಸರ್ಕಸ್’ ಮೊದಲಾದ, ಜನ ಕೊಂಡು ಓದಿದ ಕಾದಂಬರಿಗಳ ಮೊದಲ ಕರಡು ಈ ಬಗೆಯ ನವೆಂಬರುಗಳಲ್ಲಿ ಹುಟ್ಟಿದುದು. ಆದರೆ ಆ ಕೆಲವು ಕೃತಿಗಳನ್ನು ಮುಂದೊಡ್ಡಿ ಈ ಚಳವಳಿಯನ್ನು ಸಮರ್ಥಿಸುವುದು ನನಗೆ ಅಷ್ಟಾಗಿ ಒಪ್ಪಿಗೆಯಿಲ್ಲ. ನಾಲ್ಕು ಲಕ್ಷ ಜನರಲ್ಲಿ ಬಹುಪಾಲಿನವರಿಗೆ ಪ್ರಕಟಣೆಯ ಯೋಗ ಇರಲಿಲ್ಲ; ಇರಬೇಕಾಗಿಯೂ ಇರಲಿಲ್ಲ. ಅವರು ಶಾಲೆಯ ಉಪಾಧ್ಯಾಯರು, ದಾದಿಯರು, ಅಂಗಡಿಯ ಲೆಕ್ಕ ಬರೆಯುವವರು, ಚಿಕ್ಕ ಮಕ್ಕಳ ತಾಯಂದಿರು. ಹಗಲೆಲ್ಲ ಬೇರೊಬ್ಬರಿಗೆ ಸೇರಿದ ಮನುಷ್ಯ, ವರ್ಷದಲ್ಲಿ ಒಂದು ತಿಂಗಳು, ದಿನದಲ್ಲಿ ಎರಡು ಗಂಟೆಯಾದರೂ ತನಗೆ ಸೇರಿದವನಾಗಬಹುದೆ ಎಂಬುದೇ ಅವರು ತಮ್ಮೊಡನೆ ಕಟ್ಟಿದ ಪಂಥ.

ಇದೇನೂ ಹೊಸ ಪ್ರಶ್ನೆಯಲ್ಲ. ಇಂಗ್ಲಿಷ್ ಕಾದಂಬರಿಕಾರ ಆಂಟನಿ ಟ್ರಾಲಪ್ ಅಂಚೆ ಇಲಾಖೆಯ ಅಧಿಕಾರಿಯಾಗಿದ್ದವನು. ಬೆಳಗಿನ ಐದೂವರೆಗೆ ಮೇಜಿನ ಮುಂದೆ ಕುಳಿತು, ಗಡಿಯಾರವನ್ನು ಎದುರಿಗಿಟ್ಟುಕೊಂಡು, ಕಾಲು ಗಂಟೆಗೆ 250 ಪದಗಳಂತೆ ಬರೆಯುತ್ತಿದ್ದ. ತನ್ನನ್ನು ಎಬ್ಬಿಸಿ ಕಾಫಿ ತಂದುಕೊಡುವ ಆಳಿಗೆ ವರ್ಷಕ್ಕೆ ಐದು ಪೌಂಡು ಹೆಚ್ಚಾಗಿ ಕೊಡುತ್ತಿದ್ದನೆಂದು ಅವನೇ ಬರೆದಿದ್ದಾನೆ. ಹೀಗೆ 47 ಕಾದಂಬರಿಗಳು. ಆತ್ಮಕಥೆ ಅವನ ಮರಣಾನಂತರ 1883ರಲ್ಲಿ ಹೊರಬಂದಾಗ, ಗಡಿಯಾರದ ಈ ಸಂಗತಿಯನ್ನು ಓದಿದ ರಸಿಕರು ಮೂಗು ಮುರಿದರು. ಸ್ಫೂರ್ತಿ ಗಡಿಯಾರವನ್ನು ನೋಡಿ ಬರುವುದೇ ಎಂದು! ದಿನದ ಇಪ್ಪತ್ನಾಲ್ಕು ಗಂಟೆಯೂ ತಮ್ಮದೇ ಆಗಿರುವವರು ಈ ಪ್ರಶ್ನೆಯನ್ನು ಸುಲಭವಾಗಿ ಕೇಳಬಲ್ಲರು.

ನಮ್ಮಲ್ಲಿ ಮಾಸ್ತಿಯವರ ನಿದರ್ಶನವನ್ನು ನಾನು ಆಗಾಗ ನೆನೆಯುತ್ತೇನೆ. ಮೈಸೂರು ಸಂಸ್ಥಾನದ ಸಿವಿಲ್ ಸರ್ವೀಸಿನಲ್ಲಿದ್ದು, ಊರೂರು ತಿರುಗಿ ಕಡತಗಳನ್ನು ನೋಡುತ್ತ, ಅದರ ನಡುವೆಯೇ ಅಷ್ಟೊಂದು ಸಣ್ಣ ಕತೆಗಳನ್ನು ಬರೆದರು. ಆದರೆ ‘ಚೆನ್ನಬಸವನಾಯಕ’, ‘ಚಿಕವೀರ ರಾಜೇಂದ್ರ’ ಎಂಬ ಎರಡು ದೊಡ್ಡ ಕಾದಂಬರಿಗಳು ಬಂದುದು ಅವರು ಕೆಲಸ ಬಿಟ್ಟ ಮೇಲೆ; ಎರಡನೆಯದು 1956ರಲ್ಲಿ. ಉದ್ಯೋಗಸ್ಥನಿಗೆ ಸಣ್ಣ ಕತೆ, ನಿವೃತ್ತನಿಗೆ ಕಾದಂಬರಿ ಎಂದು ಇದರಿಂದ ಒಂದು ನಿಯಮವನ್ನೇ ಮಾಡಿಬಿಡಬಹುದೆಂದು ನನಗೆ ಒಮ್ಮೆ ತೋರಿದ್ದಿತು. ಮುಂಬಯಿಯ ಕೈಗಾರಿಕೆಯಲ್ಲಿ ದೊಡ್ಡ ಹುದ್ದೆಯಲ್ಲಿದ್ದುಕೊಂಡೇ 1979ರಲ್ಲಿ ‘ಶಿಕಾರಿ’ಯನ್ನು ಕೊಟ್ಟ ಯಶವಂತ ಚಿತ್ತಾಲರು ಆ ನಿಯಮವನ್ನು ಮುರಿದವರು. ಆದರೆ ನಿಯಮ ಮುರಿಯಲು ಚಿತ್ತಾಲರಾಗಬೇಕು. ನನ್ನಂಥವನು ಅರವತ್ತಾಗುವವರೆಗೆ ಕಾಯುವುದೇ ಲೇಸೆಂದು ಸುಮ್ಮನಿದ್ದೆ.

ಸುಮ್ಮನಿದ್ದವನನ್ನು ಎಬ್ಬಿಸಿದವಳು ಬೆಂಗಳೂರಿನಲ್ಲಿ ಕೆಲಸಕ್ಕಿರುವ ನನ್ನ ಮಗಳು. “ಅಪ್ಪ, ಇಪ್ಪತ್ತು ವರ್ಷದಿಂದ ಬರೀತೀನಿ ಅಂತಲೇ ಇದ್ದೀರಿ. ಒಂದು ತಿಂಗಳು ಬರೆದೇ ನೋಡಿ, ಆಗದಿದ್ದರೆ ಆ ಮಾತನ್ನಾದರೂ ಬಿಡಬಹುದು” ಎಂದಳು. ಈ ಕೊನೆಯ ಮಾತು ನನ್ನನ್ನು ಚುಚ್ಚಿತು.

ಅಮೆರಿಕೆಯವರಿಗೆ ನವೆಂಬರ್ ಬರೆಯಲು ಅನುಕೂಲವಾದ ತಿಂಗಳಾಗಿರಬಹುದು. ನಮ್ಮ ಬ್ಯಾಂಕುಗಳಿಗೆ ಅದು ಪಿಂಚಣಿದಾರರ ತಿಂಗಳು. ನಿವೃತ್ತ ಸರ್ಕಾರಿ ನೌಕರರು, ಅವರ ವಿಧವೆಯರು ತಾವು ಜೀವಂತವಾಗಿದ್ದೇವೆಂಬ ಪ್ರಮಾಣಪತ್ರವನ್ನು ಆ ತಿಂಗಳಲ್ಲಿ ಸಲ್ಲಿಸಬೇಕು. 2014ರಿಂದ ಬೆರಳೊತ್ತಿ ಗಣಕದ ಮೂಲಕ ಸಲ್ಲಿಸುವ ಏರ್ಪಾಡೂ ಬಂದಿದೆ. ಸೌದೆ ಒಡೆದು, ಪಾತ್ರೆ ತಿಕ್ಕಿ, ಅಡಕೆ ಸುಲಿದು ಸವೆದ ಬೆರಳನ್ನು ಯಂತ್ರ ಗುರುತಿಸುವುದಿಲ್ಲ. ಒರೆಸಿ ಒತ್ತಿರಿ, ಇನ್ನೊಂದು ಬೆರಳು ಕೊಡಿ ಎಂದು ನಾವು ಹೇಳುತ್ತಿರಬೇಕು. ಎಂಬತ್ತು ವರ್ಷದ ಮುದುಕಿ ತಾನು ಬದುಕಿಲ್ಲವೆಂದು ಯಂತ್ರ ಹೇಳುವುದನ್ನು ನಗುತ್ತ ಕೇಳುತ್ತಿರಬೇಕು. ಸಂಜೆ ಏಳಕ್ಕೆ ಮನೆಗೆ ಬರುವ ವೇಳೆಗೆ ನನ್ನಲ್ಲಿ ಒಂದು ವಾಕ್ಯವೂ ಉಳಿದಿರುತ್ತಿರಲಿಲ್ಲ. ಆದುದರಿಂದ ಟ್ರಾಲಪನಂತೆ ಬೆಳಗನ್ನೇ ನೆಚ್ಚಬೇಕಾಯಿತು. ನಾಲ್ಕೂವರೆಗೆ ಎದ್ದು ಏಳರವರೆಗೆ. ಕಾಫಿಯನ್ನು ನಾನೇ ಮಾಡಿಕೊಳ್ಳುತ್ತಿದ್ದೆ.

ಮೂರನೆಯ ದಿನವೇ ಒಂದು ತೊಡಕು ಎದುರಾಯಿತು. ಇಂಗ್ಲಿಷಿನಲ್ಲಿ ಪದಗಳು ಬಿಡಿಬಿಡಿಯಾಗಿ ನಿಲ್ಲುವಂತಹವು. ಕನ್ನಡದಲ್ಲಿ ಒಂದರ ಹೆಗಲ ಮೇಲೊಂದು ಕೂರುವಂತಹವು. ‘ಹೋಗಬೇಕಾಗಿತ್ತಲ್ಲವೇ’ ಎಂದರೆ ನಮಗೆ ಒಂದು ಪದ. ಅದೇ ಭಾವವನ್ನು ಇಂಗ್ಲಿಷಿನಲ್ಲಿ ಹೇಳಹೊರಟರೆ ಐದಾರಕ್ಕೆ ಕಡಮೆಯಾಗದು. ವಿಭಕ್ತಿಗಳೂ ಹಾಗೆಯೇ, ‘ಮನೆಯೊಳಗಿನಿಂದ’ ಎಂಬ ಒಂದಕ್ಕೆ ಅವರಲ್ಲಿ ನಾಲ್ಕು. ಹೀಗಿರುವಲ್ಲಿ 50,000 ಎಂಬುದು ಕನ್ನಡಿಗನಿಗೆ ಅನ್ಯಾಯವಾದ ಸಂಖ್ಯೆ. ಎರಡು ಗಂಟೆ ತಿಣುಕಿ ಎರಡು ಪುಟ ತುಂಬಿಸಿದರೂ ಎಣಿಕೆಯ ಯಂತ್ರ ಆರುನೂರು ಚಿಲ್ಲರೆ ಎಂದು ತೋರಿಸುತ್ತಿದ್ದಿತು. ಲಜ್ಜೆಯ ಸಂಗತಿಯಾದರೂ ಹೇಳಿಬಿಡುತ್ತೇನೆ: ನಾಲ್ಕನೆಯ ದಿನದಿಂದ ನಾನು ಪದಗಳನ್ನು ಒಡೆಯಲಾರಂಭಿಸಿದೆ. ‘ಹೇಳಿಕೊಂಡುಬಂದುಬಿಟ್ಟನು’ ಎಂಬುದು ‘ಹೇಳಿ ಕೊಂಡು ಬಂದು ಬಿಟ್ಟನು’ ಎಂದಾಯಿತು, ಒಂದಿದ್ದುದು ನಾಲ್ಕಾಯಿತು. ಇಪ್ಪತ್ತೆಂಟು ವರ್ಷ ಬೇರೆಯವರ ಲೆಕ್ಕದಲ್ಲಿ ಒಂದು ಪೈಸೆಯನ್ನೂ ಅತ್ತಿತ್ತ ಮಾಡದವನು ನನ್ನ ಲೆಕ್ಕದಲ್ಲಿ ನಾನೇ ಕಳ್ಳನಾದೆ. ಎರಡು ದಿನ ಹೀಗೆ ನಡೆದು, ಮೂರನೆಯ ದಿನ ನಾಚಿಕೆಯಾಗಿ ಎಲ್ಲವನ್ನೂ ಮತ್ತೆ ಕೂಡಿಸಿದೆ. ಕೂಡಿಸುವುದರಲ್ಲೇ ಒಂದು ಬೆಳಗು ಹೋಯಿತು.

ಕತೆಯ ವಸ್ತು ನನ್ನ ತಾಯಿಯ ಊರು. ಅದು ಈಗಿಲ್ಲ. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟೆಯ ಹಿನ್ನೀರಿನಲ್ಲಿ ಮುಳುಗಿಹೋದ ಹಳ್ಳಿಗಳಲ್ಲಿ ಅದೂ ಒಂದು. ನಾಡಿಗೆ ಬೆಳಕು ಬೇಕಾಗಿದ್ದಿತು. ಶರಾವತಿ ಕಣಿವೆಯ ಜನ ಎದ್ದು ಹೊರಟರು. ಅವರಿಗೆ ಕಾಡಿನಲ್ಲಿ ತೋರಿಸಿದ ನೆಲದ ಹಕ್ಕಿನ ಪ್ರಶ್ನೆ ಅರವತ್ತು ವರ್ಷ ಕಳೆದರೂ ಎಳೆದಾಡುತ್ತಲೇ ಬಂದಿತೆಂಬುದನ್ನು ಪತ್ರಿಕೆ ಓದುವವರೆಲ್ಲರೂ ಬಲ್ಲರು. ಅಮ್ಮ ಆಗ ಹತ್ತು ವರ್ಷದ ಹುಡುಗಿ. ಈ ಕತೆಯನ್ನು ಬರೆಯಬೇಕೆಂದೇ ನಾನು ಇಪ್ಪತ್ತು ವರ್ಷಗಳಿಂದ ಹೇಳುತ್ತ ಬಂದುದು.

ಊರು ಬಿಡುವ ಅಧ್ಯಾಯವನ್ನು ಹತ್ತು ದಿನಗಳಲ್ಲಿ ಬರೆದು ಮುಗಿಸಿದೆ. ಸುಮಾರು ಎಂಟು ಸಾವಿರ ಪದ. ಬರೆಯುವಾಗ ಲೇಖನಿ ನಿಲ್ಲಲಿಲ್ಲವೆಂದರೆ ಉತ್ಪ್ರೇಕ್ಷೆಯಲ್ಲ. ಹೆಂಗಸರು ಮಣ್ಣನ್ನು ಸೆರಗಿನಲ್ಲಿ ಕಟ್ಟಿಕೊಂಡು ಅತ್ತರು. ಮುದುಕ ಅಂಗಳದ ತುಳಸಿಕಟ್ಟೆಯನ್ನು ತಬ್ಬಿಕೊಂಡು ಅತ್ತ. ಕೊಟ್ಟಿಗೆಯ ದನ ಹಿಂತಿರುಗಿ ನೋಡಿ ಕೂಗಿತು. ನನಗೂ ಕಣ್ಣು ಮಂಜಾಯಿತು.

ಇಲ್ಲಿ ಮನೆಯ ಒಂದು ಪದ್ಧತಿಯನ್ನು ಹೇಳಬೇಕು. ಅಮ್ಮ ಐದು ಗಂಟೆಗೆ ಏಳುವವರು. ನಾನೂ ಅವರೂ ಅಡುಗೆಮನೆಯಲ್ಲಿ ಕುಳಿತು ಕಾಫಿ ಕುಡಿಯುತ್ತ ಅರ್ಧ ಗಂಟೆ ಮಾತನಾಡುವುದು ಬಹಳ ವರ್ಷಗಳಿಂದ ನಡೆದುಬಂದುದು. ಆ ನವೆಂಬರಿನಲ್ಲಿ ಅದು ನಿಂತುಹೋಯಿತು. ನಾನು ಬಾಗಿಲು ಹಾಕಿಕೊಂಡು ಕೂರುತ್ತಿದ್ದೆ. ಅಮ್ಮ ಒಂದು ಮಾತೂ ಆಡಲಿಲ್ಲ. ನನಗೆ ತೊಂದರೆಯಾದೀತೆಂದು ಪಾತ್ರೆಯ ಸದ್ದನ್ನೂ ಮಾಡದೆ, ದೀಪವನ್ನೂ ಹಾಕದೆ, ಅಡುಗೆಮನೆಯಲ್ಲಿ ಸುಮ್ಮನೆ ಕುಳಿತಿರುತ್ತಿದ್ದರೆಂಬುದನ್ನು ನನ್ನ ಮನೆಯಾಕೆ ಹೇಳಿದಾಗಲೇ ನನಗೆ ತಿಳಿದುದು. ಅವರ ಕತೆಯನ್ನು ಬರೆಯಲೆಂದು ಅವರನ್ನೇ ಹೊರಗಿಟ್ಟಿದ್ದೆ.

ಹತ್ತೊಂಬತ್ತನೆಯ ದಿನ ಬಾಗಿಲು ತೆರೆದು ಹೋಗಿ, ಅಧ್ಯಾಯವನ್ನು ಓದಿ ಹೇಳಿದೆ. ಅಮ್ಮ ಪೂರ್ತಿ ಕೇಳಿದರು. ಆಮೇಲೆ, “ಯಾರು ಅತ್ತರು ಮಾರಾಯ?” ಎಂದರು. “ನಾವು ಯಾರೂ ಅಳಲಿಲ್ಲ. ಹೊಸ ಊರಿಗೆ ಕರೆಂಟು ಬರ್ತದೆ ಅಂದಿದ್ದರು. ನಮಗೆ ಮಕ್ಕಳಿಗೆ ಖುಷಿಯೋ ಖುಷಿ. ಅಪ್ಪಯ್ಯ ಬಾಗಿಲವಾಡ ಕಿತ್ತು ಗಾಡಿಗೆ ಹೇರಿಸಿದ. ಹೊಸ ಮನೆಗೆ ಇದೇ ಬಾಗಿಲು, ದೀಪದ ಬೆಳಕಲ್ಲಿ ಕೆತ್ತನೆ ಚಂದ ಕಾಣ್ತದೆ ಅಂದ.” ಸ್ವಲ್ಪ ತಡೆದು, “ಅತ್ತಿದ್ದು ಆಮೇಲೆ. ದೀಪ ಬರಲಿಲ್ಲವಲ್ಲ, ಆವಾಗ” ಎಂದರು.

ಎಂಟು ಸಾವಿರ ಪದಗಳೂ ಬಿದ್ದುಹೋದುವು. ಆ ಕಣ್ಣೀರು ಎಲ್ಲಿಂದ ಬಂದುದು? ನಾನು ಓದಿದ ಬೇರೆ ಕಾದಂಬರಿಗಳಿಂದ, ನೋಡಿದ ಚಲಚ್ಚಿತ್ರಗಳಿಂದ. ವೇಗವಾಗಿ ಬರೆಯುವವನ ಕೈಗೆ ಮೊದಲು ಸಿಕ್ಕುವುದು ಇತರರು ಬಳಸಿ ಬಿಟ್ಟ ಸಾಮಗ್ರಿ. ಈ ಪಂಥವನ್ನು ಹಳಿಯುವವರು ಹೇಳುವ ಮಾತೂ ಇದೇ. ಅದರಲ್ಲಿ ಸತ್ಯವಿಲ್ಲವೆಂದು ನಾನು ಹೇಳಲಾರೆ. ಆದರೆ ಇನ್ನೊಂದು ಸಂಗತಿಯೂ ಅಷ್ಟೇ ಸತ್ಯ. ಐವತ್ತು ವರ್ಷ ಒಂದೇ ಮನೆಯಲ್ಲಿದ್ದರೂ ಊರು ಬಿಟ್ಟ ದಿನ ಅಳು ಬಂದಿತ್ತೇ ಎಂದು ನಾನು ಅಮ್ಮನನ್ನು ಕೇಳಿರಲಿಲ್ಲ, ಬಂದಿತ್ತೆಂದೇ ತಿಳಿದಿದ್ದೆ. ತಪ್ಪಾಗಿ ಬರೆದುದರಿಂದಲೇ ಕೇಳುವ ಪ್ರಸಂಗ ಒದಗಿತು. ಬರೆಯದೆ ಅರವತ್ತರವರೆಗೆ ಕಾದಿದ್ದರೆ, ಆಗ ಕೇಳಲು ಯಾರಿರುತ್ತಿದ್ದರೋ!

ಆ ತಿಂಗಳ ಮೂವತ್ತರ ರಾತ್ರಿ ನನ್ನ ಎಣಿಕೆ 31,000ದ ಆಸುಪಾಸಿನಲ್ಲಿ ನಿಂತಿತು. ಪ್ರಶಂಸಾಪತ್ರ ಬರಲಿಲ್ಲ.

ಇನ್ನು ಸಂಸ್ಥೆಯ ಪತನದ ವಿಷಯ. 2023ರ ಕೊನೆಯಲ್ಲಿ ಅದರ ಚರ್ಚಾವೇದಿಕೆಗಳಲ್ಲಿ ಎಳೆಯರ ರಕ್ಷಣೆಯ ಬಗ್ಗೆ ಗಂಭೀರವಾದ ಆಕ್ಷೇಪಣೆಗಳೆದ್ದು, ಬಹುಜನರ ವಿಶ್ವಾಸ ಅಲುಗಿದ್ದಿತು. ಅದರ ಮೇಲೆ 2024ರ ಸೆಪ್ಟೆಂಬರಿನಲ್ಲಿ ಕೃತಕ ಬುದ್ಧಿಮತ್ತೆಯ ಬಗ್ಗೆ ಸಂಸ್ಥೆ ಒಂದು ಹೇಳಿಕೆಯನ್ನು ಕೊಟ್ಟಿತು. ಬರವಣಿಗೆಯಲ್ಲಿ ಆ ಯಂತ್ರದ ಬಳಕೆಯನ್ನು ಸಾರಾಸಗಟಾಗಿ ಖಂಡಿಸುವುದರಲ್ಲಿ ಬಡವರನ್ನೂ ಅಂಗವಿಕಲರನ್ನೂ ಕಡೆಗಣಿಸುವ ಧೋರಣೆ ಅಡಗಿದೆಯೆಂಬುದು ಅದರ ತಾತ್ಪರ್ಯ. ಡೇನಿಯಲ್ ಜೋಸ್ ಓಲ್ಡರ್, ಮೌರೀನ್ ಜಾನ್ಸನ್ ಮೊದಲಾದ ಲೇಖಕರು ಸಂಸ್ಥೆಯ ಮಂಡಲಿಗಳಿಂದ ಹೊರನಡೆದರು. ಅವರ ಕೋಪಕ್ಕೆ ಇನ್ನೊಂದು ಕಾರಣವೂ ಇದ್ದಿತು: ಆ ಯಂತ್ರಗಳಿಗೆ ಅಕ್ಷರ ಕಲಿಸಲು ಬಳಸಿದ ಪುಸ್ತಕಗಳಲ್ಲಿ ಬದುಕಿರುವ ಲೇಖಕರ ಕೃತಿಗಳು ಅವರ ಒಪ್ಪಿಗೆಯಿಲ್ಲದೆ ಸೇರಿದ್ದುವೆಂಬ ದೂರು ನ್ಯಾಯಾಲಯಗಳ ಮೆಟ್ಟಿಲೇರಿದ್ದ ಕಾಲವದು. ಸಂಸ್ಥೆ ತನ್ನ ಮಾತನ್ನು ತಿದ್ದಿ ಹೇಳಿತಾದರೂ ಹೋದ ಗೌರವ ಹಿಂದಿರುಗಲಿಲ್ಲ. ಆರು ತಿಂಗಳ ಮೇಲೆ, ಹಣದ ಮುಗ್ಗಟ್ಟನ್ನು ಕಾರಣವಾಗಿ ಹೇಳಿ, ಬಾಗಿಲು ಮುಚ್ಚಿತು.

ಆ ಹೇಳಿಕೆಯನ್ನು ನಾನು ಎರಡು ಮೂರು ಸಲ ಓದಿದೆ. ಅದರಲ್ಲಿ ಒಂದು ಕಾಳಿನಷ್ಟು ಸತ್ಯವಿದೆ. ಆ ಸತ್ಯವನ್ನು ಕೋಪಗೊಂಡವರು ಗಮನಿಸಲಿಲ್ಲ. ಎಲ್ಲರಿಗೂ ಬರೆಯುವ ಬಿಡುವಿಲ್ಲ, ತಿದ್ದಿಕೊಡುವವರನ್ನು ಗೊತ್ತುಮಾಡಿಕೊಳ್ಳುವ ಹಣವಿಲ್ಲ. ಕಣ್ಣು ಕಾಣದವರು ಹೇಳಿದುದನ್ನು ಅಕ್ಷರಕ್ಕಿಳಿಸುವ ಯಂತ್ರ ಬಂದರೆ ಅದನ್ನು ಬೇಡವೆನ್ನುವವನು ಮೂರ್ಖ. ದಸ್ತಯೇವ್‌ಸ್ಕಿ ‘ಜೂಜುಗಾರ’ನನ್ನು 1866ರ ಅಕ್ಟೋಬರಿನಲ್ಲಿ 26 ದಿನಗಳಲ್ಲಿ ಮುಗಿಸಿದುದು ಶೀಘ್ರಲಿಪಿ ಬಲ್ಲ ಅನ್ನಾ ಎಂಬ ತರುಣಿಗೆ ಹೇಳಿ ಬರೆಸಿ, ಅದನ್ನು ಯಾರೂ ಅವನ ಕೃತಿಯಲ್ಲವೆಂದಿಲ್ಲ. ಆದರೆ ಬಿಡುವಿಲ್ಲದವನಿಗೆ ಅವನ ಬದಲು ಬರೆದುಕೊಡುವ ಯಂತ್ರವನ್ನು ಕೊಡುವುದು ಬೇರೆ ಮಾತು. 50,000 ಪದಗಳನ್ನು ಅದು ಒಂದು ಮಧ್ಯಾಹ್ನದಲ್ಲಿ ಒದಗಿಸಬಲ್ಲದು. ಊರು ಬಿಡುವ ಅಧ್ಯಾಯವನ್ನು ಕೇಳಿದ್ದರೆ, ನಾನು ಬರೆದಂತೆಯೇ, ಬಹುಶಃ ನನಗಿಂತ ಅಚ್ಚುಕಟ್ಟಾಗಿ, ಎಲ್ಲರನ್ನೂ ಅಳಿಸಿ ಕೊಡುತ್ತಿದ್ದಿತು. ಅಲ್ಲಿಗೆ ಎಣಿಕೆ ಮುಗಿಯುತ್ತಿದ್ದಿತು; ನಾನು ಬಾಗಿಲು ತೆರೆದು ಅಡುಗೆಮನೆಗೆ ಹೋಗುವ ಕಾರಣವೇ ಇರುತ್ತಿರಲಿಲ್ಲ. ಹತ್ತು ಬೆಳಗು ಕುಳಿತು ಬರೆದವನಿಗೆ ಮಾತ್ರ ತನ್ನ ಬರಹವನ್ನು ಒಬ್ಬರಿಗೆ ಓದಿ ಹೇಳಬೇಕೆನಿಸುತ್ತದೆ.

ಬಿಡುವಿಲ್ಲದವನಿಗೆ ಬೇಕಾದುದು ಬಿಡುವು. ಈ ಮಾತು ಎಷ್ಟು ಸರಳವಾಗಿ ಕಾಣುತ್ತದೆಯೋ, ಅದನ್ನು ಹೇಳುವುದು ಈಚೆಗೆ ಅಷ್ಟೇ ಕಷ್ಟವಾಗಿದೆ. 2023ರ ಅಕ್ಟೋಬರಿನಲ್ಲಿ ಇನ್ಫೋಸಿಸ್‌ನ ನಾರಾಯಣ ಮೂರ್ತಿಯವರು ತರುಣರು ವಾರಕ್ಕೆ 70 ಗಂಟೆ ದುಡಿಯಬೇಕೆಂದರು. 2025ರ ಜನವರಿಯಲ್ಲಿ ಲಾರ್ಸನ್ ಅಂಡ್ ಟೂಬ್ರೋ ಕಂಪನಿಯ ಅಧ್ಯಕ್ಷ ಸುಬ್ರಹ್ಮಣ್ಯನ್ ಅವರ 90 ಗಂಟೆಯ ಮಾತು ಹೊರಬಿದ್ದಿತು. ಅದೇ ಜೂನ್ ತಿಂಗಳಲ್ಲಿ ನಮ್ಮ ರಾಜ್ಯ ಸರ್ಕಾರವೇ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳಲ್ಲಿ ದಿನದ ಕೆಲಸದ ಮಿತಿಯನ್ನು 9ರಿಂದ 10 ಗಂಟೆಗೆ ಏರಿಸುವ ಪ್ರಸ್ತಾಪವನ್ನು ಚರ್ಚೆಗಿಟ್ಟಿತು. ಈ ಚರ್ಚೆಗಳಲ್ಲೆಲ್ಲ ಆರೋಗ್ಯದ ಮಾತು ಬಂದಿತು, ಸಂಸಾರದ ಮಾತು ಬಂದಿತು, ದೇಶದ ಉತ್ಪತ್ತಿಯ ಮಾತು ಬಂದಿತು. ಮನುಷ್ಯನಿಗೆ ಸಂಬಳ ತಾರದ, ಯಾರೂ ಕೇಳದ, ಆದರೆ ತಾನು ಮಾಡಲೇಬೇಕೆಂದುಕೊಂಡ ಒಂದು ಕೆಲಸ ಇದ್ದೀತೆಂಬ ಮಾತು ಮಾತ್ರ ನನ್ನ ಕಿವಿಗೆ ಬೀಳಲಿಲ್ಲ. 70 ಗಂಟೆಯನ್ನು ಆರು ದಿನಕ್ಕೆ ಹಂಚಿದರೆ ದಿನಕ್ಕೆ ಹನ್ನೊಂದು ಗಂಟೆ ನಲವತ್ತು ನಿಮಿಷ. ಅದರ ಮೇಲೆ ಬೆಂಗಳೂರಿನ ರಸ್ತೆಯಲ್ಲಿ ಎರಡು ಗಂಟೆ. ನನ್ನ ಮಗಳ ದಿನ ಹೆಚ್ಚು ಕಡಮೆ ಇದೇ. ನನಗೆ ಬರೆಯಲು ಹೇಳಿದವಳು ಆ ನವೆಂಬರಿನಲ್ಲಿ ತಾನೂ ಪ್ರಾರಂಭಿಸಿದ್ದಳೆಂದೂ, ಆರನೆಯ ದಿನ ನಿಲ್ಲಿಸಿದಳೆಂದೂ ನನಗೆ ತಿಳಿದುದು ಬಹಳ ತಡವಾಗಿ. ನನಗಾದರೋ ಕಚೇರಿಗೆ ಹತ್ತು ನಿಮಿಷದ ನಡಿಗೆ. ಆದುದರಿಂದ ನನ್ನ 31,000ವನ್ನು ಶ್ರಮದ ಫಲವೆಂದು ಹೊಗಳಿಕೊಳ್ಳಲು ನನಗೆ ಸಂಕೋಚವಾಗುತ್ತದೆ. ಅದರಲ್ಲಿ ಅರ್ಧ ಚಿಕ್ಕ ಊರಿನ ಕೊಡುಗೆ.

ಸಂಸ್ಥೆ ಮುಚ್ಚಿದರೂ ನವೆಂಬರ್ ಎಲ್ಲಿಗೂ ಹೋಗುವುದಿಲ್ಲ. ಹೆಸರಿಲ್ಲದೆ, ಪ್ರಶಂಸಾಪತ್ರವಿಲ್ಲದೆ ಬರೆಯುವವರು ಅಲ್ಲಲ್ಲಿ ಗುಂಪು ಕಟ್ಟಿಕೊಂಡಿದ್ದಾರೆ. ನಾನು ಯಾವ ಗುಂಪಿಗೂ ಸೇರಿಲ್ಲ. ತಿಂಗಳ ಎರಡನೆಯ ಮತ್ತು ನಾಲ್ಕನೆಯ ಶನಿವಾರ ಬ್ಯಾಂಕಿಗೆ ರಜೆ. ಆ ಬೆಳಗುಗಳಲ್ಲಿ ಬರೆಯುತ್ತೇನೆ, ಅಡುಗೆಮನೆಯ ಬಾಗಿಲು ತೆರೆದುಕೊಂಡೇ. ಹಸ್ತಪ್ರತಿ ಮೂವತ್ತೊಂದು ಸಾವಿರದಿಂದ ಹತ್ತೊಂಬತ್ತಕ್ಕೆ ಇಳಿದಿದೆ. ಊರು ಬಿಡುವ ಅಧ್ಯಾಯ ಈಗ ನಾಲ್ಕೇ ಪುಟ. ಅದನ್ನು ಅಮ್ಮನಿಗೆ ಎರಡು ಸಲ ಓದಿ ಹೇಳಿದ್ದೇನೆ. ಬಾಗಿಲವಾಡವನ್ನು ಗಾಡಿಯಲ್ಲಿ ಉದ್ದಕ್ಕೆ ಮಲಗಿಸಿದ್ದರೆಂದು ನಾನು ಬರೆದದ್ದು ತಪ್ಪಂತೆ. ನಿಲ್ಲಿಸಿ, ಹಗ್ಗದಿಂದ ಬಿಗಿದಿದ್ದರಂತೆ. ದಾರಿಯುದ್ದಕ್ಕೂ ಮಕ್ಕಳು ಗಾಡಿಯ ಮೇಲೆ ಆ ಬಾಗಿಲಿನಲ್ಲಿ ಆಚೆಗೂ ಈಚೆಗೂ ನುಸುಳಿ ಆಡಿದರಂತೆ.